ಗದ್ದುಗೆಯ ಮೇಲಿನ ಮಾವು

ಕರಜಗಿಯ ಗೌರಾಬಾಯಿಯ ಅಂಗಳಕ್ಕೆ ಕಾಲಿಟ್ಟವರು ಉಣ್ಣದೆ ಹೊರಬಿದ್ದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಲಗ್ನದ ಕರೆ ಹೇಳಲು ಬಂದವನು, ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತ ಬಂದವನು, ಹೊಲದ ಲೆಕ್ಕ ಕೇಳಲು ಬಂದ ಪಟವಾರಿ, ಜಗಳ ತೆಗೆಯಲೆಂದೇ ಸೆರಗು ಸಿಕ್ಕಿಸಿಕೊಂಡು ಬಂದ ನೆರೆಮನೆಯವಳು, ಎಲ್ಲರಿಗೂ ಅಲ್ಲಿ ಒಂದೇ ಶಿಕ್ಷೆ. ಮೊದಲು ರೊಟ್ಟಿ, ಆಮೇಲೆ ಮಾತು. "ಈಗರೇ ಉಂಡ ಬಂದೇನ್ರಿ" ಎಂದು ಕೈಮುಗಿದರೆ, "ಅದು ನಿಮ್ಮನಿ ಊಟ ಆತು, ನಮ್ಮನಿದು ಎಲ್ಲಿ ಆತು?" ಎಂದು ಆಕೆ ಗಂಗಾಳ ಮುಂದಿಡುತ್ತಿದ್ದಳು. ಬಂದ ಜಗಳಗಂಟಿ ಎಣ್ಣೆಗಾಯಿ ಮೆದ್ದು, ಬಂದದ್ದು ಯಾತಕ್ಕೆಂಬುದನ್ನೇ ಮರೆತು, ಎರಡು ರೊಟ್ಟಿ ಕಟ್ಟಿಸಿಕೊಂಡು ಹೋದದ್ದೂ ಉಂಟು.

ಆ ಮನೆಯ ಬೆಕ್ಕು ಇಲಿಯನ್ನು ಕಂಡರೆ ಮಗ್ಗುಲು ಬದಲಿಸುತ್ತಿತ್ತು. ಒಮ್ಮೆ ಎಳೆಗರುವಿಗೆ ಪ್ರೀತಿಯಿಂದ ಅಂಬಲಿ ಕುಡಿಸಿ ಕುಡಿಸಿ, ಹೊಟ್ಟೆ ನಗಾರಿಯಂತೆ ಉಬ್ಬಿ, ರಾತ್ರಿಯಿಡೀ ಎಣ್ಣೆ ಕುಡಿಸಿ ಉಳಿಸಬೇಕಾಯಿತು. ಅಷ್ಟಾದರೂ ಆಕೆಗೆ ಬುದ್ಧಿ ಬರಲಿಲ್ಲ. ಗೌರಾಬಾಯಿಗೆ ಮಕ್ಕಳಾಗಿರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿದೆ ಎಂದು ಊರವರು ಹೇಳುತ್ತಿದ್ದರು. ಇದ್ದರೂ ಇರಬಹುದು, ಆದರೆ ಮಕ್ಕಳಿದ್ದಿದ್ದರೆ ಅವುಗಳ ಗತಿ ಏನಾಗುತ್ತಿತ್ತೋ ಎಂದು ಹೆದರಿಕೆಯೂ ಆಗುತ್ತದೆ.

ಇಂಥವಳ ಕೈಯಲ್ಲಿ ಇಷ್ಟು ವರ್ಷ ಉಂಡೂ ಗಂಡ ಧರ್ಮಣ್ಣ ಕಡ್ಡಿಯಾಗಿಯೇ ಉಳಿದಿದ್ದ. ಒಳ್ಳೆಯ ರೈತ, ಮಾತು ಕಡಿಮೆ. ಅವನಿಗೆ ಎರಡೇ ದೌರ್ಬಲ್ಯ. ಒಂದು, ಬಿಸಿಲು ತಾಳುತ್ತಿರಲಿಲ್ಲ. ಮಧ್ಯಾಹ್ನವಾದರೆ ಸಾಕು, ಬಾವಿಕಟ್ಟೆಯ ಹಳೆಯ ಮಾವಿನ ಕೆಳಗೆ ಹೋಗಿ ಕೂಡುತ್ತಿದ್ದ. ನಿಂಬೆತೋಟದ ಅಬ್ದುಲ್ ಗನಿಯೂ ಅಲ್ಲಿಗೇ ಬರುತ್ತಿದ್ದ. ಇಬ್ಬರೂ ಚಿಕ್ಕಂದಿನ ಗೆಳೆಯರು. ಮಾತಾಡುವ ಕೆಲಸ ಗನಿಯದು, ಹೂಂಗುಟ್ಟುವುದು ಧರ್ಮಣ್ಣನದು. ಎರಡನೆಯ ದೌರ್ಬಲ್ಯ ಉಪ್ಪು. ಸಾರಿಗೆ ಉಪ್ಪು ಬಿದ್ದಿದ್ದರೂ ಗಂಗಾಳದ ಅಂಚಿಗೆ ಇನ್ನಷ್ಟು ಹಾಕಿಸಿಕೊಂಡು, ರೊಟ್ಟಿಯ ತುತ್ತನ್ನು ಅದಕ್ಕೊಮ್ಮೆ ಮುಟ್ಟಿಸಿಯೇ ಬಾಯಿಗೆ ಹಾಕುತ್ತಿದ್ದ.

೧೯೪೭ರ ಸಂಕ್ರಾಂತಿ ಕಳೆದ ಮೇಲೆ ಧರ್ಮಣ್ಣನ ಕಾಲು ಬಾತವು. ಆಮೇಲೆ ಮುಖವೂ ಬಾತಿತು. ಆಳಂದದ ವೈದ್ಯರಿಗೆ ತೋರಿಸಿದರೆ ಅವರು ಕೈಹಿಡಿದು ನೋಡಿ, ಕಣ್ಣರೆಪ್ಪೆ ಎಳೆದು ನೋಡಿ, ಗೌರಾಬಾಯಿಯನ್ನು ಹೊರಗೆ ಕರೆದು ಹೇಳಿದರು: ಇನ್ನು ಉಪ್ಪು ಬಂದ್. ಒಂದು ಹರಳೂ ಕೂಡದು, ತಿಂದರೆ ನೀರು ಎದೆಗೆ ಏರುತ್ತದೆ.

ಜೀವಮಾನದಲ್ಲಿ ಯಾರಿಗೂ ಇಲ್ಲವೆನ್ನದ ಹೆಂಗಸು ಅವತ್ತಿನಿಂದ ಇಲ್ಲವೆನ್ನುವುದನ್ನು ಕಲಿತಳು. ಉಪ್ಪಿನ ಗಡಿಗೆಯನ್ನು ಜೋಳದ ಕಣಜದೊಳಗೆ ಹೂತಿಟ್ಟಳು. ಧರ್ಮಣ್ಣ ಮೊದಮೊದಲು ನಗುತ್ತ ಕೇಳಿದ, ಆಮೇಲೆ ಸಿಟ್ಟಿನಿಂದ ಕೇಳಿದ, ಕೊನೆಗೆ ಸಣ್ಣ ಮಗುವಿನ ಹಾಗೆ ಕೇಳಿದ. ಗನಿ ತಂದುಕೊಟ್ಟ ಎಳೆ ಮಾವಿನಕಾಯನ್ನು ಆಕೆ ಹೋಳು ಮಾಡಿ ಕೊಟ್ಟ ದಿನ ಅವನು ಹೋಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ.

"ಒಂದ ಚಿಟಿಕಿ ಹಾಕಬೇ ಗೌರಿ. ಒಂದ ಚಿಟಿಕಿ."

"ಬ್ಯಾಡ್ರಿ. ವೈದ್ಯರು ಹೇಳ್ಯಾರ."

"ಅಂವಗೇನು? ಅಂವ ಉಪ್ಪ ಹಾಕ್ಕೊಂಡೇ ಉಣ್ಣಾಕತ್ತಾನ."

ಆಕೆ ಕೊಡಲಿಲ್ಲ. ಅವನು ಆ ಹೋಳನ್ನು ತಿನ್ನದೆ ಕಿಟಕಿಯಲ್ಲಿಟ್ಟ. ಜ್ಯೇಷ್ಠ ಹುಟ್ಟುವ ಮೊದಲೇ, ಹಣ್ಣಿನ ಕಾಲದಲ್ಲಿ, ಒಂದು ಸಂಜೆ ಮಾವಿನ ಹಣ್ಣು ಕೇಳಿ ತಿಂದ. ಗೊರಟೆಯನ್ನು ಚೀಪಿ ಕೆಳಗಿಟ್ಟು, "ನನ್ನ ತಲಿ ಮ್ಯಾಲೆ ಒಂದು ಗಿಡಾ ಹಚ್ಚು. ಬಿಸಲಾಗ ಕೂಡೂದು ನನ್ನ ಕೈಲೆ ಆಗೂದಿಲ್ಲ" ಎಂದ. ಎರಡು ದಿನಕ್ಕೆ ಹೋಗಿಬಿಟ್ಟ. ಉಪ್ಪು ಕೊಟ್ಟಿದ್ದರೂ ಹೋಗುತ್ತಿದ್ದನೇನೋ. ಒಂದು ಚಿಟಿಕೆಯೂ ಸಿಗದೆ ಹೋದನಲ್ಲ ಎಂಬುದು ಗೌರಾಬಾಯಿಯ ಎದೆಯಲ್ಲಿ ಕೂತುಬಿಟ್ಟಿತು. ಅದನ್ನು ಆಕೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ.

ಅವರಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಕೂತ ಭಂಗಿಯಲ್ಲಿ ಮಣ್ಣು ಮಾಡಿ, ಮೇಲೆ ಮಣ್ಣಿನ ಗದ್ದುಗೆ ಕಟ್ಟುತ್ತಾರೆ. ಕುಣಿಯಲ್ಲಿ ವಿಭೂತಿ, ಪತ್ರಿ, ಅದರೊಡನೆ ಉಪ್ಪನ್ನೂ ಸುರಿಯುವುದು ವಾಡಿಕೆ. ಇಷ್ಟೇ ಸುರಿಯಬೇಕೆಂದು ಲೆಕ್ಕವಿಲ್ಲ, ಒಂದಿಷ್ಟು ಬಿದ್ದರೆ ಸಾಕು. ಗೌರಾಬಾಯಿ ಮನೆಯಲ್ಲಿದ್ದ ಉಪ್ಪನ್ನೆಲ್ಲ ತರಿಸಿದಳು. ಸಾಲದೆಂದು ಅಂಗಡಿಯ ಚೀಲ ತರಿಸಿದಳು. ಮಠದ ಅಯ್ಯನವರು "ಸಾಕು ತಾಯಿ" ಎಂದರು. ಮೈದುನ ಬಸವಂತರಾಯ "ವೈನಿ, ಸಾಕ್ರಿ" ಎಂದ. ಆಕೆ ಕೇಳಲಿಲ್ಲ. ಎರಡೂ ಕೈಯಲ್ಲಿ ಬಾಚಿ ಬಾಚಿ ಸುರಿದಳು. ದುಃಖಕ್ಕೆ ಹಾಗೆ ಮಾಡುತ್ತಾಳೆ ಎಂದುಕೊಂಡು ಜನ ಸುಮ್ಮನಾದರು.

ಧರ್ಮಣ್ಣ ಚೀಪಿಟ್ಟ ಗೊರಟೆಯನ್ನು ಆಕೆ ಒಡೆದ ಗಡಿಗೆಯಲ್ಲಿ ನೆಟ್ಟಿದ್ದಳು. ಮಳೆ ಬೀಳುವ ಹೊತ್ತಿಗೆ ಅದು ತಾಮ್ರದ ಬಣ್ಣದ ಎಳೆ ಎಲೆ ಬಿಟ್ಟು ಎದ್ದಿತು. ಶ್ರಾವಣದಲ್ಲಿ, ಗಡಿಯಾಚೆ ಇಂಡಿ, ಸೊಲ್ಲಾಪುರದ ಕಡೆ ಸ್ವಾತಂತ್ರ್ಯದ ಬಾವುಟ ಏರಿತಂತೆ, ನಮ್ಮಲ್ಲಿ ನಿಜಾಮರ ರಾಜ್ಯದಲ್ಲಿ ಏನಾಗುತ್ತದೋ ಎಂದು ಕಟ್ಟೆಯ ಮೇಲೆ ಜನ ತಲೆ ಕೆಡಿಸಿಕೊಂಡಿದ್ದಾಗ, ಗೌರಾಬಾಯಿ ಸಸಿಯನ್ನು ಹೊಲಕ್ಕೆ ಒಯ್ದಳು. ತಲೆಯ ಮೇಲೆ ಎಂದನಲ್ಲ, ತಲೆಯ ಮೇಲೆಯೇ ನೆಟ್ಟಳು. ಗದ್ದುಗೆಯ ನಟ್ಟನಡುವೆ, ಧರ್ಮಣ್ಣನ ನೆತ್ತಿಯ ನೇರಕ್ಕೆ. "ಬಾಜೂಕ ಹಚ್ಚಬೇಕ್ರಿ ವೈನಿ" ಎಂದು ಬಸವಂತರಾಯ ಗೊಣಗಿದ. ಗಂಡನ ಕೊನೆಯ ಮಾತಿನ ವಿಷಯದಲ್ಲಿ ಬೇರೆಯವರ ಬುದ್ಧಿವಾದ ಆಕೆಗೆ ಬೇಕಿರಲಿಲ್ಲ.

ಮಳೆಗಾಲದುದ್ದಕ್ಕೂ ಸಸಿ ಚೆನ್ನಾಗಿತ್ತು. ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ನಡೆದುಹೋಗುವ ಜನ ಆ ಹೊಲದ ಬದುವಿನ ಮೇಲೆಯೇ ಹಾದುಹೋಗುತ್ತಿದ್ದರು. ಅವರನ್ನೆಲ್ಲ ತಡೆದು ನಿಲ್ಲಿಸಿ, ಬುತ್ತಿ ಬಿಚ್ಚಿ ತಿನ್ನಿಸಿ, ಸಸಿ ತೋರಿಸಿ ಕಳಿಸುತ್ತಿದ್ದಳು. ದಸರೆಯ ಹೊತ್ತಿಗೆ ಮಳೆ ನಿಂತು ನೆಲ ಒಣಗಿತು. ಎಲೆಗಳ ತುದಿಗಳು ಕಂದಾಗಿ ಸುಟ್ಟಂತೆ ಕಂಡವು. ತುದಿಯಿಂದ ಅಂಚಿಗೆ, ಅಂಚಿನಿಂದ ಒಳಕ್ಕೆ ಆ ಕಂದು ಹಬ್ಬತೊಡಗಿತು.

ಹಸಿವಾಗಿದೆ ಎಂದು ಗೌರಾಬಾಯಿ ತೀರ್ಮಾನಿಸಿದಳು. ಆಕೆಯ ಪ್ರಕಾರ ಜಗತ್ತಿನ ಎಲ್ಲ ರೋಗಗಳಿಗೂ ಕಾರಣ ಅದೊಂದೇ.

ಮೊದಲು ಹೋಗಿ ಕೇಳಿದ್ದು ಅಬ್ದುಲ್ ಗನಿಯನ್ನು. ಗನಿಗೆ ತೋಟದ ವಿಷಯ ಕೇಳಿದರೆ ಹಿಗ್ಗು. ಗೊತ್ತಿದ್ದದ್ದಕ್ಕೆ ಅರ್ಧ, ಗೊತ್ತಿಲ್ಲದ್ದಕ್ಕೆ ಪೂರ್ತಿ ಉತ್ತರ ಕೊಡುತ್ತಿದ್ದ. "ಕುರಿ ಹಿಕ್ಕಿ ಹಾಕ್ರಿ ಭಾಬಿ. ನನ್ನ ನಿಂಬಿಗಿ ನೋಡ್ರಿ ಹ್ಯಾಂಗವ" ಎಂದ. ಆಕೆ ಅದೇ ದಿನ ಕುರುಬರ ದೊಡ್ಡಿಯಿಂದ ಹಸಿ ಹಸಿ ಹಿಕ್ಕೆ ತರಿಸಿ, ಗೇಣುದ್ದದ ಸಸಿಯ ಸುತ್ತ ಬುಟ್ಟಿ ಬುಟ್ಟಿ ಸುರಿದಳು. ವಾರ ಕಳೆಯುವುದರಲ್ಲಿ ಕೆಳಗಿನ ಎಲೆಗಳು ಮುದುರಿ ಉದುರಿದವು. ಹೌಹಾರಿ ಹೋಗಿ ಕೇಳಿದರೆ ಗನಿ ತಲೆ ಕೆರೆದುಕೊಂಡ.

"ಎಷ್ಟ ಹಾಕಿದಿರಿ?"

"ನೀವು ನಿಂಬಿಗಿ ಎಷ್ಟ ಹಾಕ್ತೀರಿ?"

"ಹಳೇದು ಆಗಿದ್ದು, ಒಂದ ಬೊಗಸಿ."

"ಅದನ್ನ ಮೊದಲ ಹೇಳಬಾರ್ದೇನು!"

"ನೀವು ಕೇಳಲಿಲ್ಲಲ್ರಿ" ಎಂದ ಗನಿ. ಇಬ್ಬರೂ ಕೂಡಿ ಹಿಕ್ಕೆಯನ್ನೆಲ್ಲ ಬಾಚಿ ತೆಗೆದರು. ಗನಿ ಅಂದಿನಿಂದ ಆ ಸಸಿಯ ವಿಷಯದಲ್ಲಿ ತಾನೂ ಪಾಲುದಾರನಾದ, ಏಕೆಂದರೆ ಕೆಡಿಸಿದ್ದರಲ್ಲಿ ಪಾಲಿತ್ತು.

ಆಮೇಲೆ ಒಲೆಯ ಬೂದಿಯ ಸರದಿ ಬಂತು. ಬೂದಿ ಬಿದ್ದರೆ ಬೇರಿಗೆ ಬಲ ಎಂದು ಯಾರೋ ಹೇಳಿದರು. ಕೆಂಪು ನೆಲದಲ್ಲಿ ಬಲವೇ ಇರಬಹುದು. ಭೀಮೆಯ ಕಡೆಯ ಎರೆಮಣ್ಣಿನಲ್ಲಿ ಮೊದಲೇ ಸುಣ್ಣದ ಅಂಶ ಹೆಚ್ಚು. ಆಕೆ ದಿನಾ ಒಂದು ಮೊರ ತಂದು ಚೆಲ್ಲಿದಳು. ಉಳಿದ ಎಲೆಗಳಲ್ಲಿ ನರ ಮಾತ್ರ ಹಸಿರಾಗಿ ಉಳಿದು ನಡುವೆಯೆಲ್ಲ ಹಳದಿ ತಿರುಗಿತು. ಬೂದಿ ಬಿಟ್ಟು ಗಾಣದ ಹಿಂಡಿಯನ್ನು ನೆನೆಹಾಕಿ ಹಾಕಿದಳು, ಗೆದ್ದಲು ಬಂತು. ಗೆದ್ದಲು ಹೋಗಲೆಂದು ಬೇವಿನ ಕಷಾಯ ಸುರಿದಳು. ಎಮ್ಮೆಯ ಹಾಲನ್ನೂ ಒಂದು ತಂಬಿಗೆ ಎರೆದಳು. ಹೋಳಿಗೆಯ ಹೂರಣವೊಂದನ್ನು ಹಾಕಲಿಲ್ಲ ಎನ್ನಬೇಕು. ಇಷ್ಟೆಲ್ಲದರ ನಡುವೆಯೂ ಆ ಸಸಿ ಸಾಯದೆ, ಬದುಕದೆ, ನೆಟ್ಟ ಎತ್ತರದಲ್ಲೇ ನಿಂತಿತ್ತು.

ಊರ ಬಾಯಿ ಸುಮ್ಮನಿರುತ್ತದೆಯೇ? ಧರ್ಮಣ್ಣನ ಜೀವಕ್ಕೆ ತೃಪ್ತಿಯಾಗಿಲ್ಲ, ಅದಕ್ಕೇ ಗಿಡ ಹಿಡಿಯುತ್ತಿಲ್ಲ ಎಂದು ಬಾವಿಯ ಕಡೆ ಹೆಂಗಸರು ಮಾತಾಡಿಕೊಂಡರು. ಆಡಿದವರು ಆಡಿ ಮರೆತರು. ಗೌರಾಬಾಯಿಗೆ ಮಾತ್ರ ಅದು ಕಿವಿಯಿಂದ ನೇರ ಎದೆಗೆ ಇಳಿಯಿತು. ತೃಪ್ತಿಯಾಗಿಲ್ಲ ಎಂಬುದು ಆಕೆಗೆ ಮೊದಲೇ ಗೊತ್ತಿತ್ತು. ಯಾಕೆಂಬುದೂ ಗೊತ್ತಿತ್ತು. ಕಿಟಕಿಯಲ್ಲಿ ಒಣಗಿಹೋದ ಆ ಹೋಳು ಕಣ್ಣಮುಂದೆ ಬರುತ್ತಿತ್ತು. ಸಿಟ್ಟು ಇಳಿಯಲಿ ಎಂದು ಇನ್ನಷ್ಟು ಉಣಿಸುವುದಲ್ಲದೆ ಬೇರೆ ದಾರಿ ಆಕೆಗೆ ತಿಳಿಯದು. ಸಸಿ ಒಣಗಿದರೆ ಗಂಡ ತನ್ನನ್ನು ಕ್ಷಮಿಸಲಿಲ್ಲವೆಂದೇ ಲೆಕ್ಕ ಎಂದು ಆಕೆ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದಳು.

ಚಳಿಗಾಲ ಮುಗಿಯುತ್ತಿದ್ದಂತೆ ಸುತ್ತಲಿನ ಕಾಲವೂ ಕೆಟ್ಟಿತು. ನಿಜಾಮರ ಪರ ಊರು ಸುಲಿಯುವ ರಜಾಕಾರರ ಸುದ್ದಿ ಊರಿಂದೂರಿಗೆ ಬರುತ್ತಿತ್ತು. ಉಳ್ಳವರು ಬೀಗ ಹಾಕಿ, ಗಾಡಿ ಹೂಡಿ, ಗಡಿ ದಾಟಿ ಇಂಡಿಯ ಕಡೆ ನೆಂಟರ ಮನೆ ಸೇರತೊಡಗಿದರು. ಬಸವಂತರಾಯನೂ ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂಡಿಸಿ ಅತ್ತಿಗೆಯ ಬಾಗಿಲಿಗೆ ಬಂದ.

"ಏಳ್ರಿ ವೈನಿ, ಹೋಗೂಣು."

"ನೀವು ಹೋಗಿ ಬರ್ರಿ. ಗಿಡಕ್ಕ ನೀರ ಹಾಕಾವ್ರು ಬೇಕಲ್ಲ."

"ಗಿಡಾ ಅಲ್ರಿ, ನಿಮ್ಮ ಜೀವದ ಮಾತ ಆಡಾಕತ್ತೇನಿ ನಾನು!"

"ನನಗೂ ಜೀವದ ಮಾತೇ ಅದ."

ಬಸವಂತರಾಯ ಹಣೆ ಚಚ್ಚಿಕೊಂಡ. ಒಳ್ಳೆಯವನು, ಆದರೆ ಅತ್ತಿಗೆಯ ಹಟದ ಮುಂದೆ ಅವನ ಆಟ ಎಂದೂ ನಡೆದಿರಲಿಲ್ಲ. ಹೊರಡುವಾಗ ಒಂದು ಮಾತು ಹೇಳಿದ: "ಏನರೇ ಮಾಡ್ರಿ. ಗದ್ದಗಿ ಮಾತ್ರ ಕೆದರಬ್ಯಾಡ್ರಿ. ಅಣ್ಣನ ತಲಿ ಮ್ಯಾಲಿನ ಮಣ್ಣು ಅದು." ಹಾಗೆ ಕೆದರುವವರು ಯಾರಿದ್ದಾರೆ ಎಂದು ಗೌರಾಬಾಯಿ ಆಗ ಅಂದುಕೊಂಡಳು. ಗಾಡಿಯವರಿಗೆ ದಾರಿಬುತ್ತಿ ಎಷ್ಟು ಕಟ್ಟಿದಳೆಂದರೆ ಎತ್ತುಗಳು ಹೆಜ್ಜೆ ಎತ್ತಲು ಒದ್ದಾಡಿದವು.

ಯುಗಾದಿಗೆ ಜೇವರ್ಗಿಯಿಂದ ಆಕೆಯ ತಮ್ಮ ಕಲ್ಯಾಣಪ್ಪ ಬಂದ. ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವವನು, ಹೊಸದೇನು ಬಂದರೂ ಮೊದಲು ತಾನೇ ಮುಟ್ಟಿನೋಡಬೇಕೆಂಬ ಚಪಲ. ಅಕ್ಕನ ಸಸಿಯ ಕಥೆ ಕೇಳಿ ಒಂದು ಸಣ್ಣ ಗಂಟು ತಂದಿದ್ದ. ಬಿಚ್ಚಿದರೆ ಬೆಳ್ಳಗಿನ ಹರಳು.

"ಇದೇನೋ?"

"ಸೊಲ್ಲಾಪುರದ ಕಡೆ ಕಬ್ಬಿಗಿ ಹಾಕೂ ಗೊಬ್ಬರ ಅಕ್ಕಾ. ಕಾರಖಾನ್ಯಾಗ ಮಾಡಿದ್ದು. ಹಾಕಿ ನಾಕ ದಿನಕ್ಕ ಎಲಿ ಹ್ಯಾಂಗ ಕಪ್ಪಗ ಹಸರ ಆಗ್ತದ ನೋಡು. ಒಂದ ಚಮಚಾ ಸಾಕಂತ."

ಒಂದು ಚಮಚ ಎಂಬ ಮಾತು ಗೌರಾಬಾಯಿಯ ಕೈಗೆ ಅರ್ಥವಾಗುವಂಥದ್ದಲ್ಲ. ತಮ್ಮ ಅತ್ತ ಹೋದದ್ದೇ ತಡ, ಗಂಟನ್ನು ಪೂರ್ತಿ ಸಸಿಯ ಬುಡಕ್ಕೆ ಸುರಿದು ಮೇಲೆ ನಾಲ್ಕು ಕೊಡ ನೀರು ಹೊಯ್ದಳು. ಮೂರನೆಯ ದಿನ ಹೋಗಿ ನೋಡಿದರೆ ಎಲೆಗಳು ಬೆಂಕಿಗೆ ಹಿಡಿದಂತೆ ಸೀದಿದ್ದವು. ಮೇಲಿನ ಎರಡು ಎಲೆಗಳಲ್ಲಿ ಮಾತ್ರ ಹಸಿರಿನ ಗುರುತಿತ್ತು. ಬುಡದ ಸುತ್ತ ನೆಲದ ಮೇಲೆ ಬೆಳ್ಳಗೆ ತೆಳುವಾದ ಪೊರೆ ಕಟ್ಟಿತ್ತು.

ಗೌರಾಬಾಯಿಗೆ ಸಿಟ್ಟು ನೆತ್ತಿಗೇರಿತು. ತಮ್ಮನ ಮೇಲೆ, ಸೊಲ್ಲಾಪುರದ ಮೇಲೆ, ತನ್ನ ಕೈಯ ಮೇಲೆ. ಕೂತು ಆ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದಳು. ಬುಡದಿಂದ ಆಚೆಗೂ ಇತ್ತು. ಗೊಬ್ಬರ ಬೀಳದ ಕಡೆಯೂ ಇತ್ತು, ಇಡೀ ಗದ್ದುಗೆಯ ಮೇಲೆ ಹರಡಿತ್ತು. ಇಷ್ಟು ದಿನ ಬೂದಿಯ ಉಳಿಕೆ ಎಂದುಕೊಂಡದ್ದು ಇದೇ. ಜೀವಮಾನವೆಲ್ಲ ಒಲೆಯ ಮುಂದೆ ಕೂತವಳು. ಏನೆಂದು ತಿಳಿಯದ ವಸ್ತುವನ್ನು ಅಂಥವರು ಕಣ್ಣಿನಿಂದ ನೋಡುತ್ತ ಕೂಡುವುದಿಲ್ಲ. ಬೆರಳ ತುದಿಗೆ ತೆಗೆದುಕೊಂಡು ನಾಲಗೆಗೆ ಹಚ್ಚಿದಳು.

ಉಪ್ಪು. ಕಾರಖಾನೆಯದಲ್ಲ, ಅಡಿಗೆ ಮನೆಯದು. ತಾನೇ ಎರಡು ಕೈಯಿಂದ ಬಾಚಿ ಸುರಿದದ್ದು.

ಆಕೆ ಅಲ್ಲೇ ಕೂತುಬಿಟ್ಟಳು. ಎಲ್ಲವೂ ಒಂದರ ಹಿಂದೊಂದು ಬಿಚ್ಚಿಕೊಂಡವು. ಮಳೆ ಇದ್ದಾಗ ಉಪ್ಪು ಕೆಳಗಿತ್ತು, ಸಸಿ ನಗುತ್ತಿತ್ತು. ನೆಲ ಒಣಗಿದಂತೆ ನೀರಿನ ಪಸೆ ಮೇಲಕ್ಕೆ ಏರಿತು, ಅದರ ಸಂಗಡ ಉಪ್ಪೂ ಏರಿತು. ತಾನು ಕೊಡಗಟ್ಟಲೆ ನೀರು ಹೊಯ್ದು ಹೊಯ್ದು ಇನ್ನಷ್ಟು ಕರಗಿಸಿ ಮೇಲೆ ತಂದಳು. ಅದು ಹಸಿವಲ್ಲ, ದಾಹ. ನೀರಿದ್ದೂ ಕುಡಿಯಲಾರದ ದಾಹ. ಅದರ ಮೇಲೆ ಹಿಕ್ಕೆ, ಬೂದಿ, ಹಿಂಡಿ, ಬಿಳಿ ಹರಳು. ಬದುಕಿದ್ದಾಗ ಕೊಡದ ಉಪ್ಪನ್ನು ಸತ್ತ ಮೇಲೆ ಕೊಟ್ಟು, ಅದೇ ಉಪ್ಪಿನಿಂದ ಅವನ ಗಿಡವನ್ನು ಸುಟ್ಟಿದ್ದಳು. ಧರ್ಮಣ್ಣ ಹೋದ ದಿನವೂ ಅಳದಷ್ಟು ಅವತ್ತು ಅತ್ತಳು.

ಅಬ್ದುಲ್ ಗನಿ ತೋಟದಿಂದ ಬರುವವನು ಆಕೆ ಹಾಗೆ ಕೂತದ್ದನ್ನು ಕಂಡು ಬಂದ. ಎಂದೂ ಹೇಳದಿದ್ದ ಮಾತನ್ನು ಆಕೆ ಅವನಿಗೆ ಹೇಳಿದಳು. ಕಣಜದಲ್ಲಿ ಹೂತ ಗಡಿಗೆ, ಒಂದು ಚಿಟಿಕೆಗೆ ಬೇಡಿಕೊಂಡದ್ದು, ಕಿಟಕಿಯಲ್ಲಿಟ್ಟ ಹೋಳು. ಆ ಕಾಯಿ ತಂದುಕೊಟ್ಟವನು ತಾನೇ ಎಂಬುದು ನೆನಪಾಗಿ ಗನಿಯೂ ಆಕೆಯ ಎದುರು ನೆಲದ ಮೇಲೆ ಕೂತ.

"ಅಂವಗ ಸಿಟ್ಟ ಇಲ್ರಿ ಭಾಬಿ" ಎಂದ. "ನನ್ನ ಮುಂದ ಹೇಳಿದ್ದ. ಆಕಿಗಿ ನನಗಿಂತ ಹೆಚ್ಚು ಸಂಕಟ ಆಗಾಕತ್ತದ, ನಾ ಕೇಳೂದು ಬಿಡಬೇಕು ಖರೆ, ನಾಲಗಿ ಕೇಳಾಂಗಿಲ್ಲ ಅಂದಿದ್ದ."

"ಇದನ್ನರೇ ಮೊದಲ ಹೇಳಬಾರ್ದೇನ್ರಿ!"

ಈ ಸಲ ಗನಿ "ನೀವು ಕೇಳಲಿಲ್ಲ" ಎನ್ನಲಿಲ್ಲ.

ಈಗ ಉಳಿದದ್ದು ಒಂದೇ ಪ್ರಶ್ನೆ. ಸಸಿ ಅಲ್ಲೇ ಇದ್ದರೆ ಸಾಯುತ್ತದೆ. ಅದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ತೆಗೆಯಬೇಕೆಂದರೆ ಗದ್ದುಗೆಯನ್ನು ಕೆದರಬೇಕು, ಗಂಡನ ಕೊನೆಯ ಮಾತನ್ನು ಮುರಿಯಬೇಕು. ಹೊಸ ಗೊರಟೆ ಹಾಕಿದರಾಯಿತಲ್ಲ ಎಂದು ಗನಿ ಮೆಲ್ಲಗೆ ಅಂದುನೋಡಿದ. ಆಕೆ ಅವನ ಮುಖ ನೋಡಿದ ರೀತಿಗೆ ಮತ್ತೆ ಆ ಮಾತೆತ್ತಲಿಲ್ಲ. ಹೇಗಿದ್ದರೂ ಆ ಬಿಸಿಲಿನಲ್ಲಿ ಕಿತ್ತರೆ ಸಸಿ ಉಳಿಯುವುದಿಲ್ಲ, ಮಳೆಯ ತನಕ ಕಾಯಲೇಬೇಕು.

ಆ ಬೇಸಿಗೆ ಗೌರಾಬಾಯಿಗೆ ದೊಡ್ಡ ಪರೀಕ್ಷೆಯಾಯಿತು. ಮೇಲಿನ ಬಿಳಿ ಮಣ್ಣನ್ನು ಬೆರಳಿನಿಂದ ಕೆರೆದು ತೆಗೆದು, ಜೋಳದ ಒಣ ಕಣಿಕೆ ಹೊದಿಸಿ, ತಂಪಾದ ಹೊತ್ತಿನಲ್ಲಿ ಒಂದು ತಂಬಿಗೆ ನೀರು, ಅಷ್ಟೇ. ಬೇರೇನೂ ಹಾಕುವಂತಿಲ್ಲ. ಕೊಡುವುದೊಂದೇ ಗೊತ್ತಿದ್ದ ಕೈ ದಿನಾ ಏನಾದರೂ ಹಿಡಿದುಕೊಂಡು ಹೊಲಕ್ಕೆ ಬರುತ್ತಿತ್ತು. ಒಂದು ಹಿಡಿ ಗೊಬ್ಬರವೋ, ಮಜ್ಜಿಗೆಯೋ. ಬದುವಿನ ತನಕ ಬಂದು ಅದನ್ನು ಅಲ್ಲೇ ಚೆಲ್ಲಿ ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದಳು. ಆ ವರ್ಷ ಬದುವಿನ ಮೇಲೆ ಹುಲ್ಲು ಬೆಳೆದ ಹಾಗೆ ಬೇರೆಲ್ಲೂ ಬೆಳೆಯಲಿಲ್ಲ. ಸಸಿಯ ಮೇಲಿನ ಎರಡು ಎಲೆಗಳು ಉದುರದೆ ಉಳಿದವು.

ಮಧ್ಯಾಹ್ನದ ಹೊತ್ತು ಸುಮ್ಮನೆ ಕೂತು ಕೂತು ಆಕೆಗೆ ಒಂದು ಯೋಚನೆ ಬಂತು. ಬಾವಿಕಟ್ಟೆಯ ಹಳೆಯ ಮಾವಿನ ನೆರಳು ಹೊತ್ತು ಇಳಿದಂತೆ ಪೂರ್ವಕ್ಕೆ ಸರಿಯುತ್ತ ಎಲ್ಲಿಯ ತನಕ ಹೋಗುತ್ತದೆಂದು ದಿನವೂ ನೋಡತೊಡಗಿದಳು. ಬಿಸಿಲು ಬಲು ಚುರುಕಾಗಿರುವಾಗ ಆ ನೆರಳಿನ ತುದಿ ಎಲ್ಲಿರುತ್ತದೋ ಅಲ್ಲಿಗೆ ಒಂದು ಕಲ್ಲಿಟ್ಟಳು. ಕಲ್ಲಿನಿಂದ ಆ ಹಳೆಯ ಗಿಡದ ಬುಡದ ತನಕ ಹಗ್ಗ ಹಿಡಿದಳು. ಅದೇ ಹಗ್ಗವನ್ನು ತಂದು ಗದ್ದುಗೆಯಿಂದ ಪಶ್ಚಿಮಕ್ಕೆ ಎಳೆದು, ಅದರ ಕೊನೆಯಲ್ಲಿ ಒಂದು ಗೂಟ ಬಡಿದಳು. ಗನಿ ನೋಡುತ್ತ ನಿಂತಿದ್ದವನು ಅರ್ಥವಾಗದೆ, "ಏನ್ ಮಾಡಾಕತ್ತೀರಿ?" ಎಂದ.

"ತಲಿ ಮ್ಯಾಲೆ ಗಿಡಾ ಬೇಕಂದ್ರು. ಅವ್ರಿಗಿ ಬೇಕಾಗಿದ್ದು ನೆಳ್ಳಲ್ಲ? ನೆಳ್ಳ ಇಲ್ಲಿಂದನೂ ಹೋಗ್ತದ."

ಗೂಟದ ಹತ್ತಿರ ಗುಂಡಿ ತೋಡಿಸಿ ಬಿಸಿಲಿಗೆ ಬಿಟ್ಟಳು. ಆ ಮಣ್ಣನ್ನು ಕೂಡ ನಾಲಗೆಗೆ ಹಚ್ಚಿ ನೋಡಿದಳು, ಸಪ್ಪಗಿತ್ತು. ಎರೆಮಣ್ಣಿಗೆ ನೀರು ಇಂಗಲೆಂದು ಭೀಮೆಯ ಮರಳನ್ನು ತರಿಸಿ ಬೆರೆಸಿದಳು. ತಿಪ್ಪೆಯ ತಳದಲ್ಲಿ ವರ್ಷಗಟ್ಟಲೆ ಕೊಳೆತು ಮಣ್ಣೇ ಆಗಿದ್ದ ಗೊಬ್ಬರ ಒಂದು ಬುಟ್ಟಿ. ಎರಡನೆಯ ಬುಟ್ಟಿಗೆ ಕೈ ಹೋದಾಗ ಗನಿ ಕೆಮ್ಮಿದ. ಆಕೆ ಬುಟ್ಟಿಯನ್ನು ಕೆಳಗಿಟ್ಟಳು.

ಆಷಾಢದಲ್ಲಿ ಒಂದು ಒಳ್ಳೆಯ ಮಳೆ ಬಿದ್ದ ಮರುದಿನ, ಮೋಡ ಮುಚ್ಚಿದ ಬೆಳಿಗ್ಗೆ ಇಬ್ಬರೂ ಹೊಲಕ್ಕೆ ಹೋದರು. ಊರು ಅರ್ಧ ಖಾಲಿ. ಗನಿ ಸಲಿಕೆ ಎತ್ತಿದಾಗ ಗೌರಾಬಾಯಿ ತಡೆದಳು. ಅವರ ತಲೆಯ ಮೇಲೆ ತನ್ನ ಕೈಯೇ ಆಡಬೇಕು ಎಂದಳು. ಸೆರಗು ಬಿಗಿದು, ಗದ್ದುಗೆಗೆ ಹಣೆ ಹಚ್ಚಿ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು:

"ಸಿಟ್ಟ ಆಗಬ್ಯಾಡ್ರಿ. ಉಪ್ಪ ನಿಮಗ ಕೊಟ್ಟಿದ್ದು, ನಿಮಗೇ ಇರ್ಲಿ. ಗಿಡಾ ಅಷ್ಟ ನಾ ಒಯ್ತೇನಿ. ದೂರ ಒಯ್ಯೂದಿಲ್ಲ."

ಕಳೆ ಕೀಳುವ ಕುರ್ಪಿಯಿಂದ ಗೇಣು ಗೇಣಾಗಿ ಮಣ್ಣು ಬಿಡಿಸಿದಳು. ಮಾವಿನ ತಾಯಿಬೇರು ನೆಟ್ಟಗೆ ಕೆಳಗಿಳಿಯುತ್ತದೆ, ಅದು ತುಂಡಾದರೆ ಸಸಿ ಹೋದಂತೆಯೇ. ಅಷ್ಟು ಆಳ ಹೋಗಬೇಕಾಗುತ್ತದಲ್ಲ ಎಂದು ಆಕೆ ಪ್ರತಿ ಹಿಡಿಗೂ ಕೈ ತಡೆದು ಬಗ್ಗಿ ನೋಡುತ್ತಿದ್ದಳು. ಆದರೆ ಮೊಳ ಕೂಡ ಹೋಗುವ ಮೊದಲೇ ಬೇರು ಅಡ್ಡ ತಿರುಗಿತ್ತು. ಉಪ್ಪಿನ ಮಣ್ಣು ಮುಟ್ಟಿದ ಕಡೆ ತುದಿ ಕರಕಾಗಿ, ಅಲ್ಲಿಂದ ಬೇರು ಮಗ್ಗುಲಿಗೆ ಹೊರಳಿ, ಗದ್ದುಗೆಯಿಂದ ಹೊರಕ್ಕೆ ದಾರಿ ಹುಡುಕುತ್ತ ಹೊರಟಿತ್ತು. ಕೆಳಗೆ ಅವನ ಕಡೆಗೆ ಒಂದು ಬೇರೂ ಹೋಗಿರಲಿಲ್ಲ. ಅದನ್ನು ಕಂಡು ಗೌರಾಬಾಯಿಗೆ ದುಃಖವೂ ಆಯಿತು, ಸಮಾಧಾನವೂ ಆಯಿತು. ಗಂಡನ ತಲೆಯ ಮಣ್ಣನ್ನು ಆಳಕ್ಕೆ ಕೆದರುವುದು ತಪ್ಪಿತು. ಮಣ್ಣಿನ ಹೆಂಟೆಯ ಸಮೇತ ಸಸಿಯನ್ನು ಒದ್ದೆ ಗೋಣಿಯಲ್ಲಿ ಎತ್ತಿಕೊಂಡು, ಎಳೆಗೂಸನ್ನು ಒಯ್ಯುವವಳ ಹಾಗೆ ನಡೆದು ಹೊಸ ಗುಂಡಿಯಲ್ಲಿ ಇಟ್ಟಳು. ಗನಿ ಮಣ್ಣೆಳೆದ. ಆಮೇಲೆ ಇಬ್ಬರೂ ಕೂಡಿ ಗದ್ದುಗೆಯನ್ನು ಮೊದಲಿನಂತೆ ಒಪ್ಪ ಮಾಡಿ, ಮೇಲೆ ಕಲಸಿದ ಮಣ್ಣು ಮೆತ್ತಿದರು.

ನಾಲ್ಕು ದಿನಕ್ಕೆ ಉಳಿದ ಎರಡು ಎಲೆಗಳೂ ಉದುರಿದವು. ಬರಿಯ ಕಡ್ಡಿ ನಿಂತಿತು. ಶ್ರಾವಣ ಪೂರ್ತಿ ಅದು ಕಡ್ಡಿಯೇ. ಗೌರಾಬಾಯಿ ಉಗುರಿನಿಂದ ತೊಗಟೆಯನ್ನು ಕೂದಲೆಳೆಯಷ್ಟು ಗೀರಿ ನೋಡುತ್ತಿದ್ದಳು. ಒಳಗೆ ಹಸಿರು ಕಂಡರೆ ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂತು. ನಿಜಾಮರ ಆಳಿಕೆ ಮುಗಿಯಿತು. ಹೋಗಿದ್ದವರು ಒಬ್ಬೊಬ್ಬರಾಗಿ ಮರಳತೊಡಗಿದರು. ಈಗ ಅಂಜಿಕೆ ಇನ್ನೊಂದು ಕಡೆಯವರದಾಯಿತು. ಅಬ್ದುಲ್ ಗನಿ ಯಾರಿಗೂ ಕೆಡುಕು ಬಯಸಿದವನಲ್ಲ, ಆದರೂ ಅವನ ಹೆಂಡತಿ ಹಮೀದಾಬೇಗಂ ಬಾಗಿಲ ಅಗುಳಿ ತೆಗೆಯದ ದಿನಗಳವು. ಗೌರಾಬಾಯಿ ದಿನಾ ನಡುಹಗಲಿನಲ್ಲಿ, ಇಡೀ ಓಣಿಗೆ ಕಾಣುವಂತೆ, ತಲೆಯ ಮೇಲೆ ರೊಟ್ಟಿಬುಟ್ಟಿ ಹೊತ್ತು ಆ ಬಾಗಿಲಿಗೆ ಹೋಗುತ್ತಿದ್ದಳು. ಇಂಡಿಯಿಂದ ಮರಳಿದ ಬಸವಂತರಾಯ ಒಂದು ದಿನ ಏನೋ ಹೇಳಲು ಬಾಯಿ ತೆರೆದ. ಅತ್ತಿಗೆ ಅವನ ಕೈಗೂ ಒಂದು ಬುಟ್ಟಿ ಕೊಟ್ಟಳು. ಅವನು ಹಿಂದೆಯೇ ನಡೆದ. ಗದ್ದುಗೆಯ ವಿಷಯವನ್ನೂ ದಾರಿಯಲ್ಲೇ ಹೇಳಿ ಮುಗಿಸಿದಳು. ಅವನು ನಾಲ್ಕು ದಿನ ಮಾತು ಬಿಟ್ಟ, ಐದನೆಯ ದಿನ ಊಟಕ್ಕೆ ಬಂದ.

ಮಹಾನವಮಿಗೆ ಮುಂಚಿನ ಒಂದು ಬೆಳಿಗ್ಗೆ ಆಕೆ ಬುಟ್ಟಿಯಿಲ್ಲದೆ ಗನಿಯ ಬಾಗಿಲು ಬಡಿದಳು.

"ಗನಿ ಭಾಯಿ, ಹೊರಗ ಬರ್ರಿ. ಚಿಗತದ!"

ಗನಿ ಅಷ್ಟು ದಿನಗಳ ಮೇಲೆ ಮೊದಲ ಸಲ ಹೊಸ್ತಿಲು ದಾಟಿದ್ದು ಆಗಲೇ. ಇಬ್ಬರೂ ಹೊಲಕ್ಕೆ ಹೋಗುವ ಹೊತ್ತಿಗೆ ಬಿಸಿಲು ಏರಿತ್ತು. ಕಡ್ಡಿಯ ತುದಿಯಲ್ಲಿ ತಾಮ್ರದ ಬಣ್ಣದ ಎಲೆಗಳ ಒಂದು ಗೊಂಚಲು, ಇನ್ನೂ ಜೋತುಬಿದ್ದು, ಮುಟ್ಟಿದರೆ ರೇಷ್ಮೆಯ ಹಾಗೆ. ತುದಿಗಳು ಸುಟ್ಟಿರಲಿಲ್ಲ. ಗನಿ ಎಲ್ಲ ಕಡೆಯಿಂದ ಬಗ್ಗಿ ನೋಡಿದ. ಅವನಿಗೆ ಮಾತು ಮರಳಿ ಬಂದಿತ್ತು. ಇನ್ನು ಹೀಗೆ ಮಾಡಬೇಕು, ಹಾಗೆ ಮಾಡಬೇಕು, ಮುಂದಿನ ಮಳೆಗೆ ಒಂದು ಬೊಗಸೆ ಹಳೆಯ ಗೊಬ್ಬರ, ಒಂದೇ ಬೊಗಸೆ ಎಂದೆಲ್ಲ ಹೇಳುತ್ತ ಹೋದ. ಗೌರಾಬಾಯಿ ಹೂಂಗುಟ್ಟಿದಳು. ಹೊತ್ತು ನೆತ್ತಿಯಿಂದ ಪಶ್ಚಿಮಕ್ಕೆ ವಾಲಿತು. ಸಸಿಯ ನೆರಳು ಅಂಗೈಯಷ್ಟು ಅಗಲಕ್ಕೆ ಅದರ ಬುಡದಲ್ಲೇ ಬಿದ್ದಿತ್ತು. ಅಲ್ಲಿಂದ ಗದ್ದುಗೆ ಎಷ್ಟು ದೂರವಿದೆ ಎಂದು ಗನಿ ಕಣ್ಣಲ್ಲೇ ಅಳೆದ.

"ಇದರ ನೆಳ್ಳ ಅಲ್ಲಿಗಿ ಮುಟ್ಟಬೇಕಂದ್ರ ಭಾಳ ವರ್ಷ ಬೇಕ್ರಿ ಭಾಬಿ. ನಾವಿಬ್ಬರೂ ಇರ್ತೀವೋ ಇಲ್ಲೋ."

"ಹೌದ್ರಿ."

"ಅಲ್ಲಿತನಕ?"

ಗೌರಾಬಾಯಿ ಎದ್ದು ಹೋಗಿ ಗದ್ದುಗೆಯ ಪಶ್ಚಿಮದ ಮಗ್ಗುಲಿಗೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಉಂಡು ಉಣಿಸಿ ಬೆಳೆದ ಒಳ್ಳೆಯ ಅಗಲವಾದ ಮೈ ಆಕೆಯದು. ನೆರಳು ಗದ್ದುಗೆಯ ಮೇಲೆ ಬಿತ್ತು. ಒಂದು ಮೂಲೆ ಬಿಸಿಲಲ್ಲೇ ಉಳಿದಿತ್ತು. ಆಕೆ ಅದನ್ನು ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಇನ್ನೊಂದಿಷ್ಟು ಆ ಕಡೆಗೆ ಸರಿದು ಕೂತಳು.